ಪಾಟಿಯ ಮೇಲಿನ ಬೀಜ

ನಮ್ಮ ಮನೆಯಲ್ಲಿ ಎರಡು ಒಲೆಗಳಿದ್ದವು. ಹೆಂಗಸು ಯಾವ ಒಲೆಯ ಮುಂದೆ ಕೂರುತ್ತಾಳೆ ಎಂಬುದನ್ನು ನೋಡಿಯೇ ಮನೆಯಲ್ಲಿ ಅವಳ ಬೆಲೆ ಕಟ್ಟುತ್ತಿದ್ದರು. ನಡುಮನೆ ದಾಟಿದರೆ ಕತ್ತಲೆಯ ಅಡುಗೆಮನೆ, ಅಲ್ಲಿ ಒಳಗಿನ ಒಲೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಒಂದಿಷ್ಟು ಬಿಸಿಲು ಬಿಟ್ಟರೆ ಅಲ್ಲಿ ಬೇರೆ ಬೆಳಕಿರಲಿಲ್ಲ. ದೇವರ ಎಡೆ, ಲಿಂಗಪೂಜೆ ಮುಗಿಸಿ ಬಂದ ಆಯಿಯ ಊಟ, ಅಪ್ಪನ ಊಟ, ಬೀಗರು ಬಂದರೆ ಹೋಳಿಗೆ, ಎಲ್ಲ ಆ ಒಲೆಯಿಂದಲೇ ಬರಬೇಕು. ಇನ್ನೊಂದು ಹೊರಗಿನ ಒಲೆ, ದನದ ಕೊಟ್ಟಿಗೆಯ ಗೋಡೆಗೆ ಒತ್ತಿ ಕಟ್ಟಿದ್ದು. ಆಳುಗಳ ನುಚ್ಚು, ಎಮ್ಮೆಗೆ ಬೇಯಿಸುವ ಹತ್ತಿಕಾಳು, ಬಚ್ಚಲಿನ ಬಿಸಿನೀರು ಅದರ ಪಾಲಿಗೆ. ಅಲ್ಲಿ ಹೊಗೆ ಹೋಗಲು ಜಾಗವಿತ್ತು, ಗಾಳಿ ಬೆಳಕು ಇದ್ದವು, ಕೂತು ಮಾತಾಡಲು ಒಂದು ಕಟ್ಟೆಯೂ ಇತ್ತು. ಆದರೂ ಮನೆಯ ಯಾವ ಹೆಂಗಸೂ ತಾನಾಗಿ ಅಲ್ಲಿಗೆ ಹೋಗಿ ಕೂರುತ್ತಿರಲಿಲ್ಲ.

ಅವ್ವ ಆನೆಗೊಂದಿಯ ಕಡೆಯವಳು. ಹೊಳೆ ದಂಡೆ, ಭತ್ತದ ಗದ್ದೆ, ಬಾಳೆಯ ತೋಟ ನೋಡಿ ಬೆಳೆದವಳು. ನಮ್ಮೂರು ಕುಕನೂರಿನಾಚೆ, ಎರೆ ಹೊಲದ ಬಿಳಿಜೋಳದ ಊರು. ಅನ್ನದ ಊರಿನಿಂದ ಬಂದ ಸೊಸೆಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂಬುದು ಆಯಿಗೆ ಸಿಕ್ಕ ಮೊದಲ ತಪ್ಪು. ಆಯಿ ಎಂದರೆ ಅಪ್ಪನ ಅವ್ವ; ಅಜ್ಜ ತೀರಿಕೊಂಡ ಮೇಲೆ ಮನೆಯ ಕೀಲಿಕೈ ಅವಳ ಸೊಂಟದಲ್ಲಿತ್ತು. ಅವ್ವ ಮದುವೆಯಾಗಿ ಬಂದು ಎಷ್ಟೋ ಕಾಲ ಹೊರಗಿನ ಒಲೆಯ ಮುಂದೆ ಆಳುಗಳಿಗೆ ರೊಟ್ಟಿ ಬಡಿದು ಬಡಿದು ಕೈ ಪಳಗಿಸಿಕೊಂಡು, ನಾನು ಹುಟ್ಟಿದ ಮೇಲೆ ಒಳಗೆ ಬಂದವಳು. ಒಳಗಿನ ಒಲೆಗೆ ಬೆಳಿಗ್ಗೆ ಸಾರಣೆ ಮಾಡಿ, ಎರಡು ಎಳೆ ರಂಗೋಲಿ ಹಾಕಿ, ಅದರ ಮುಂದೆ ಮಣೆಯಿಟ್ಟು ಕೂರುವಾಗ ಅವಳ ಮುಖ ನೋಡಬೇಕಿತ್ತು. ಅದು ಅವಳಿಗೆ ಯಾರೂ ಕೊಟ್ಟದ್ದಲ್ಲ, ದುಡಿದು ಗಳಿಸಿಕೊಂಡದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಕಳೆದುಹೋದದ್ದು ಏನೆಂದು ಓದುವವರಿಗೆ ತಿಳಿದಿರಲಿ.

ಕಾಕಾ ಅಪ್ಪನ ಒಬ್ಬನೇ ತಮ್ಮ. ಹೈದರಾಬಾದಿನಲ್ಲಿ ಓದುತ್ತಿದ್ದ. ಗಿಡಮರಗಳ ಶಾಸ್ತ್ರವನ್ನು ಉರ್ದುವಿನಲ್ಲಿ ಕಲಿತು ಬಂದು ನಮಗೆ ಕನ್ನಡದಲ್ಲಿ ಹೇಳುತ್ತಿದ್ದ, ನಡುನಡುವೆ ‘ಬಿಲ್ಕುಲ್’ ಎನ್ನುತ್ತಿದ್ದ. ಆ ವರ್ಷ ಅಲ್ಲಿ ಚಳಿಜ್ವರ ಹತ್ತಿ, ಓದು ಅರ್ಧಕ್ಕೆ ಬಿಟ್ಟು ಮಳೆಗಾಲದಲ್ಲಿ ಊರಿಗೆ ಬಂದ. ಹೊರಗೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ನಮಗದು ಸೀಮೆಎಣ್ಣೆ ಸಿಗದ ತೊಂದರೆಯಾಗಿ ಮಾತ್ರ ಗೊತ್ತಿತ್ತು. ಅವ್ವ ಕಾಕಾನಿಗೆ ಗಂಜಿ ಮಾಡಿ ಕುಡಿಸಿದಳು, ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದಳು, ಅವನು ವಾಂತಿ ಮಾಡಿದ ಹಾಸಿಗೆ ಒಗೆದಳು. ಜ್ವರ ಬಿಟ್ಟ ಮೇಲೆ ಅವನಿಗೆ ಹೊತ್ತು ಹೋಗದಾಯಿತು. ಮಾಳಿಗೆಯ ಮೇಲಿನ ಕೋಣೆಯಲ್ಲಿ ದಪ್ಪ ಇಂಗ್ಲಿಷ್ ಪುಸ್ತಕವೊಂದನ್ನು ತೆರೆದಿಟ್ಟುಕೊಂಡು, ಅಂಗಿಯ ಕಿಸೆಯಲ್ಲಿ ಭೂತಗನ್ನಡಿ ಇಟ್ಟುಕೊಂಡು ನನ್ನನ್ನು ಕರೆಯುತ್ತಿದ್ದ. ನನಗೆ ಆಗ ಎಂಟರ ವಯಸ್ಸಿರಬೇಕು. ಮನೆಯಲ್ಲಿ ನನ್ನ ಮಾತಿಗೆ ತಿರುಗಿ ಮಾತಾಡುತ್ತಿದ್ದ ದೊಡ್ಡವನು ಅವನೊಬ್ಬನೇ. ಅವನು ಬಾವಿಗೆ ಹಾರು ಎಂದಿದ್ದರೂ ಹಾರುತ್ತಿದ್ದೆ.

ಊರ ಹಿಂದೆ ಗಾಯರಾಣವಿತ್ತು, ಊರ ದನ ಕುರಿಗಳೆಲ್ಲ ಮೇಯುವ ಹುಲ್ಲಿನ ಬಯಲು. ಶ್ರಾವಣದಲ್ಲಿ ಮಗಿ ಮಳೆ ಹೊಡೆದು ನಿಂತ ಒಂದು ಬೆಳಿಗ್ಗೆ ನಾವಿಬ್ಬರೂ ಅಲ್ಲಿಗೆ ಹೋದಾಗ, ಕುರಿ ಮೇದು ಗಿಡ್ಡವಾದ ಹುಲ್ಲಿನ ನಡುವೆ ಅವು ಎದ್ದಿದ್ದವು. ರೂಪಾಯಿ ಬಿಲ್ಲೆಗಿಂತ ಸಣ್ಣ ತಲೆ, ಹುಟ್ಟಿದ ಕೂಸಿನ ಅಂಗಾಲಿನ ಬಣ್ಣ. ಸಾಲಿನಲ್ಲಲ್ಲ, ಬಾಗಿದ ಗೆರೆಯೊಂದರಲ್ಲಿ ಅಲ್ಲಲ್ಲಿ ನಿಂತಿದ್ದವು. ನಾಯಿಕೊಡೆಗಳನ್ನು ನಾನು ಕಂಡಿದ್ದೆ. ಅವು ಬಿಳಿಯವು, ಇಲ್ಲವೆ ಬೂದಿ ಬಣ್ಣದವು. ಇಂಥವನ್ನು ಕಂಡಿರಲಿಲ್ಲ. ನಾನು ತಲೆಯನ್ನಷ್ಟೇ ಕಿತ್ತುಕೊಳ್ಳಲು ಹೋದೆ. ಕಾಕಾ ನನ್ನ ಕೈ ಹಿಡಿದ. ಬೆರಳು ಮಣ್ಣಿಗೆ ಇಳಿಸಿ ಬುಡಸಮೇತ ಎತ್ತಬೇಕು, ಬುಡದಲ್ಲಿ ಚೀಲದಂಥದ್ದು ಇದೆಯೇ ನೋಡಬೇಕು, ದಂಟಿಗೆ ಬಳೆ ಇದೆಯೇ ನೋಡಬೇಕು, ಮೂಸಿ ನೋಡಬೇಕು ಎಂದು ಹೇಳಿಕೊಟ್ಟ. ಆಮೇಲೆ ಹೇಳಿದ:

“ಮ್ಯಾಲಿನ ಬಣ್ಣ ನೋಡಿ ಮೋಸ ಹೋಗಬ್ಯಾಡ, ಗೌರಿ. ತಿರುವಿ ಕೆಳಗ ಏನೈತಿ ನೋಡು.”

ತಿರುವಿ ನೋಡಿದೆ. ಕೆಳಗೆ ಬೆಳ್ಳನೆಯ ಪದರಗಳು ಒಂದಕ್ಕೊಂದು ಒತ್ತಿ ನಿಂತಿದ್ದವು. ಚೀಲವಿರಲಿಲ್ಲ, ಬಳೆಯಿರಲಿಲ್ಲ. ಮೂಸಿದರೆ ಹೊಸ ಹಿಟ್ಟಿನ ವಾಸನೆ. ಮನೆಗೆ ತಂದು ಪುಸ್ತಕದ ಚಿತ್ರಗಳ ಪಕ್ಕದಲ್ಲಿಟ್ಟು ಕಾಕಾ ಹಾಳೆ ಮಗುಚುತ್ತ ಕೂತ. ಹುಲ್ಲಿನಲ್ಲೇ ಏಳುವ ಇದೇ ಗಾತ್ರದ ಇನ್ನೊಂದು ಜಾತಿಯಿದೆ, ಅದು ಹೊಟ್ಟೆ ಕೆಡಿಸುತ್ತದೆ. ಎರಡನ್ನೂ ಬೇರೆ ಮಾಡುವುದು ಅವು ಉದುರಿಸುವ ಪುಡಿ ಎಂದ. ಕೆಟ್ಟದ್ದರ ಪುಡಿ ಗುಲಾಬಿ, ಇದರದು ಬಿಳಿ. ಸಂಜೆ ಒಂದು ತಲೆಯನ್ನು ಕೊಯ್ದು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ ಬಟ್ಟಲು ಮುಚ್ಚಿದ. ಬೆಳಿಗ್ಗೆ ತೆಗೆದರೆ ಏನೂ ಕಾಣಲಿಲ್ಲ. ಬಿಳಿಯ ಮೇಲೆ ಬಿಳಿ ಬಿದ್ದರೆ ಕಂಡೀತು ಹೇಗೆ? ನಾನೇ ಓಡಿಹೋಗಿ ನನ್ನ ಪಾಟಿ ತಂದೆ, ಸಾಲೆಯಲ್ಲಿ ಬಳಪದಿಂದ ಬರೆಯುವ ಕರಿಕಲ್ಲಿನ ಪಾಟಿ. ಚೆನ್ನಾಗಿ ತೊಳೆದು ಒರೆಸಿ ಅದರ ಮೇಲೆ ಇನ್ನೊಂದು ತಲೆ ಹಾಕಿಟ್ಟೆವು.

ಮರುದಿನ ಬೆಳಿಗ್ಗೆ ಬಟ್ಟಲು ಎತ್ತಿದಾಗ ಕಂಡದ್ದನ್ನು ಈ ವಯಸ್ಸಿನಲ್ಲೂ ಕಣ್ಣು ಮುಚ್ಚಿದರೆ ಕಾಣಬಲ್ಲೆ. ಕಪ್ಪು ಕಲ್ಲಿನ ಮೇಲೆ ಒಂದು ಬೆಳ್ಳನೆಯ ಚಕ್ರ, ಕೂದಲಿಗಿಂತ ಸಣ್ಣ ಗೆರೆಗಳು ನಡುವಿನಿಂದ ಅಂಚಿಗೆ ಹೋಗಿದ್ದವು. ಇದೇ ಅಣಬೆಯ ಬೀಜ, ಗಾಳಿಗೆ ಹಾರಿ ಮುಂದಿನ ಮಳೆಗೆ ಮತ್ತೆ ಏಳುತ್ತದೆ ಎಂದು ಕಾಕಾ ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟ. ಆ ಪಾಟಿಯ ಮೇಲೆ ಬರೆಯಲು ನನಗೆ ಮನಸ್ಸಾಗಲಿಲ್ಲ. ಕಾಕಾನ ಕೋಣೆಯ ಗೂಡಿನಲ್ಲಿ ಅದನ್ನಿಟ್ಟು, ಪಾಟಿ ಕಳೆದಿದೆ ಎಂದು ಮಾಸ್ತರರಿಗೆ ಹೇಳಿ, ಸಾಲೆಯಲ್ಲಿ ಬೆಂಚಿನ ಮೇಲೆ ನಿಂತು ಬಂದೆ. ಮಾಳಿಗೆ ಹತ್ತಿ ಬಂದು ನೋಡು ಎಂದು ಅವ್ವನನ್ನು ಎಷ್ಟೋ ಸಲ ಕರೆದೆ. ಅವಳಿಗೆ ಪುರಸೊತ್ತಾಗಲಿಲ್ಲ. ನಮ್ಮಿಬ್ಬರ ಮಾತು ಕೇಳಿ, ಹೌದೇನು ಎಂದು ನಕ್ಕಳು.

ಅವಳ ತವರಿನಲ್ಲಿ ಅಣಬೆ ತಿನ್ನುತ್ತಿದ್ದರು. ಮಳೆ ಬಿದ್ದ ಮೇಲೆ ಹುತ್ತದ ಸುತ್ತ ಏಳುವ ಬಿಳಿ ಅಣಬೆಯನ್ನು ಅವಳ ಅವ್ವ ಹೇಗೆ ಹುರಿಯುತ್ತಿದ್ದಳೆಂದು ನನಗೆ ತಲೆ ಬಾಚುವಾಗ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಅದರ ಹೆಸರೂ ಎತ್ತುವಂತಿರಲಿಲ್ಲ. ಬಿತ್ತದೆ ಬಂದದ್ದು, ಎಲೆಯಿಲ್ಲದ್ದು, ಬೇರಿಲ್ಲದ್ದು, ಕೊಳೆತದ್ದರ ಮೇಲೆ ಹುಟ್ಟಿದ್ದು. ಆದ್ದರಿಂದ ಅದು ಕಾಯಿಪಲ್ಯವಲ್ಲ, ಖಂಡದ ಜಾತಿ ಎಂಬುದು ಆಯಿಯ ಲೆಕ್ಕ. ಖಂಡ ಎಂದರೆ ನಮ್ಮ ಕಡೆ ಮಾಂಸ. ಲಿಂಗ ಕಟ್ಟಿದ ಮನೆಯಲ್ಲಿ ಆ ಮಾತು ಆಡಿದರೂ ಬಾಯಿ ಮುಕ್ಕಳಿಸಬೇಕು.

ಆಯಿ ಯಲಬುರ್ಗಿಗೆ, ಮಗಳ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುತ್ತಾರೆಂದು ಹೋದಳು. ಅವಳ ಬಂಡಿ ಊರು ದಾಟಿತೋ ಇಲ್ಲವೋ, ಕಾಕಾ ಒಂದು ಬುಟ್ಟಿ ಗುಲಾಬಿ ಅಣಬೆ ತಂದು ಅವ್ವನ ಮುಂದಿಟ್ಟ. ಅವ್ವನ ಕಣ್ಣಿನಲ್ಲಿ ಆಸೆ ಕಂಡಿತು, ಮರುಗಳಿಗೆಗೆ ಹೆದರಿಕೆ. ಅತ್ತೆಗೆ ತಿಳಿದರೆ ತನ್ನ ಗತಿಯೇನು ಎಂದಳು. ಕಾಕಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಏನೂ ದೊಡ್ಡ ಮಾತಲ್ಲವೆಂಬಂತೆ ಅತ್ತಿಗೆಗೆ ಹೇಳಿದ:

“ನಮ್ಮವ್ವ ಕೇಳಿದ್ರ ನಾ ಹೇಳತೀನಿ, ವೈನಿ. ಬೀಜ ಇದ್ದದ್ದು ಕಾಯಿಪಲ್ಯೆ. ಪಾಟಿ ಮ್ಯಾಲೆ ಬೀಜ ಬಿದ್ದೈತಿ, ನಾ ಓದೀನಿ, ನನ್ನ ಮಾತು ಯಾರು ತಗದ ಹಾಕತಾರ? ಒಂದೀಟು ಹುರದು ಕೊಡ್ರಿ, ಜ್ವರದಾಗ ಬಾಯಿ ಕೆಟ್ಟ ಹೋಗೇತಿ.”

ಅವ್ವ ಅಷ್ಟರಲ್ಲೂ ಒಳಗಿನ ಒಲೆಯನ್ನು ಮುಟ್ಟಲಿಲ್ಲ. ಹೊರಗಿನ ಒಲೆಯ ಮೇಲೆ ಮಣ್ಣಿನ ಹಂಚಿಟ್ಟು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಹುರಿದಳು. ಕೊಟ್ಟಿಗೆಯೆಲ್ಲ ಘಮ್ಮೆಂದಿತು. ಕಾಕಾ ತಾಟಿನ ಮುಂದೆ ಕೂತನಾದರೂ ಕೈ ಹಾಕಲಿಲ್ಲ. ಉಪ್ಪು ಹತ್ತಿದೆಯೋ ನೋಡಿರೆಂದು ಮೊದಲು ಅವ್ವನಿಗೆ ತಿನ್ನಲು ಹೇಳಿದ. ಅವ್ವ ತಿಂದಳು. ತಿನ್ನುತ್ತ ತಿನ್ನುತ್ತ ಅವಳ ಕಣ್ಣು ತುಂಬಿದವು, ತವರು ನೆನಪಾಗಿರಬೇಕು. ಕಾಕಾ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡುತ್ತ ಕೂತಿದ್ದು, ಆಮೇಲೆ ರೊಟ್ಟಿ ಮುರಿದ. ಮುರಿದ ಮೇಲೆ ಹಂಚನ್ನೇ ಬಳಿದು ಉಂಡ, ನನಗೆ ಉಳಿದದ್ದು ಎರಡು ತುತ್ತು. ಅವನು ಯಾಕೆ ಕಾದನೆಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ತನ್ನ ವಿದ್ಯೆಯ ಮೇಲೆ ಅವನಿಗೆ ನಂಬಿಕೆಯಿತ್ತು. ಪರೀಕ್ಷೆ ಮಾತ್ರ ಅವ್ವನ ಹೊಟ್ಟೆಯಲ್ಲಿ ಆಗಲಿ ಎಂದು ಕೂತಿದ್ದ.

ಉಳಿದ ಅಣಬೆಯನ್ನು ಅವ್ವ ಎಸೆಯಲಿಲ್ಲ. ಅದೇ ಅವಳಿಗೆ ಮುಳುವಾಯಿತು. ತವರಿನಲ್ಲಿ ಮಾಡುತ್ತಿದ್ದಂತೆ ಸೀಳಿ, ದಾರಕ್ಕೆ ಪೋಣಿಸಿ, ಕೊಟ್ಟಿಗೆಯ ಜಂತಿಗೆ ತೂಗುಹಾಕಿದಳು. ಒಣಗುತ್ತ ಒಣಗುತ್ತ ಅವು ಮುರುಟಿ ಬಣ್ಣ ಗಾಢವಾದವು. ನಮ್ಮೂರ ಕೆಳಗಿನ ಓಣಿಯಲ್ಲಿ ಹಬ್ಬ ಕಳೆದ ಮೇಲೆ ಮಾಂಸದ ಪಟ್ಟಿಗಳನ್ನು ಹೀಗೆಯೇ ದಾರಕ್ಕೆ ಹಾಕಿ ಬಿಸಿಲಿಗೆ ಕಟ್ಟುತ್ತಿದ್ದರು. ಯಲಬುರ್ಗಿಯಿಂದ ಬಂದ ಆಯಿ ಎಮ್ಮೆ ಹಿಂಡಲು ಕೂತು ತಲೆಯೆತ್ತಿದವಳು, ಹಾಲಿನ ಚರಿಗೆಯನ್ನು ಅಲ್ಲೇ ಬಿಟ್ಟು ಎದ್ದಳು. ತನ್ನ ಕೊಟ್ಟಿಗೆಯಲ್ಲಿ ಸೊಸೆ ಖಂಡ ಒಣಹಾಕಿದ್ದಾಳೆಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಖಂಡವಲ್ಲ ಅಣಬೆ ಎಂದು ಅವ್ವ ಹೇಳಿದ್ದು ಉಪಯೋಗಕ್ಕೆ ಬರಲಿಲ್ಲ. ಆಯಿಯ ಲೆಕ್ಕದಲ್ಲಿ ಎರಡೂ ಒಂದೇ. ಅವತ್ತೇ ಎರಡೂ ಒಲೆಗಳ ಬೂದಿ ತೆಗೆಸಿದಳು, ಮಣ್ಣಿನ ಗಡಿಗೆಗಳನ್ನು ಒಡೆಸಿದಳು, ಮಠದ ಅಯ್ಯನವರಿಗೆ ಹೇಳಿಕಳಿಸಿದಳು.

ಅಯ್ಯನವರು ನಮ್ಮ ಮನೆತನದ ಗುರುಗಳು, ಕಟುಕ ಮನುಷ್ಯರೇನಲ್ಲ. ಕಾಕಾನಿಗೆ ಕುಷ್ಟಗಿಯ ಕಡೆಯ ಸಂಬಂಧವೊಂದನ್ನು ಅವರೇ ತಂದಿದ್ದರು. ಅನುಕೂಲಸ್ಥರು, ಆದರೆ ಭಾರಿ ಮಡಿವಂತರು. ಉಳ್ಳಾಗಡ್ಡಿಯನ್ನೂ ಅಡುಗೆಮನೆಗೆ ಬಿಡದವರು. ಇವತ್ತು ನಮ್ಮ ಮನೆಯಲ್ಲಿ ಆಡಿದ ಮಾತು ನಾಳೆ ಅಯ್ಯನವರ ಜೊತೆ ಕುಷ್ಟಗಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಕಾಕಾನಿಗೆ ಎಲ್ಲರಿಗಿಂತ ಹೆಚ್ಚು. ಅವರು ಬರುವ ಮೊದಲು ಅವ್ವ ನನ್ನನ್ನು ಬಚ್ಚಲಿಗೆ ಕರೆದು ಮುಖ ತೊಳೆಸುತ್ತ ಮೆಲ್ಲಗೆ ಅಂದಳು:

“ಕಾಕಾನ ಹೆಸರು ನೀ ಎತ್ತಬ್ಯಾಡ. ಅವರು ತಾವಾಗೇ ಹೇಳತಾರ.”

ಪಡಸಾಲೆಯಲ್ಲಿ ಅಯ್ಯನವರು ಗದ್ದುಗೆಯ ಮೇಲೆ, ಅಪ್ಪ ಕಂಬಕ್ಕೆ ಒರಗಿ, ಕಾಕಾ ಬಾಗಿಲ ಹತ್ತಿರ, ಆಯಿ ನೆಲದ ಮೇಲೆ. ಅವ್ವ ನಡುಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದಳು. ಒಣ ಅಣಬೆಯ ಸರವನ್ನು ಕೋಲಿನ ತುದಿಗೆ ಸಿಕ್ಕಿಸಿ ತಂದು ನಡುವೆ ಇಟ್ಟಿದ್ದರು. ಅಯ್ಯನವರು ಬಗ್ಗಿ ನೋಡಿದರು, ಮುಟ್ಟಲಿಲ್ಲ. ಸೊಸೆ ತವರಿನ ರೂಢಿಯಂತೆ ಏನೋ ಮಾಡಿದ್ದಾಳೆ, ದೊಡ್ಡದು ಮಾಡಬಾರದೆಂದು ಆಯಿಗೆ ಸಮಾಧಾನ ಹೇಳಿದರು. ಆಮೇಲೆ ತೀರ್ಪಿನ ಮಾತಿಗೆ ಬಂದರು.

“ಬೀಜ ಇದ್ದದ್ದು ಭೂಮಿ ಕೊಟ್ಟದ್ದು, ಅದು ಪಲ್ಯೆ. ಬೀಜ ಇಲ್ಲದ್ದು ಖಂಡ. ಇದಕ್ಕ ಬೀಜ ಇದ್ದದ್ದು ಯಾರರೆ ಕಂಡೀರೇನು?”

ನಾನು ಕಾಕಾನ ಕಡೆ ನೋಡಿದೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಅವನು ತನ್ನ ಹೆಬ್ಬೆರಳಿನ ಉಗುರು ನೋಡಿಕೊಳ್ಳುತ್ತಿದ್ದ. ಮರೆತಿದ್ದಾನೆ ಎಂದುಕೊಂಡೆ, ದೇವರಾಣೆ ಹಾಗೆಯೇ ಅಂದುಕೊಂಡೆ. ಮಾಳಿಗೆಯ ನಿಚ್ಚಣಿಕೆ ಹತ್ತಿ, ಗೂಡಿನಲ್ಲಿದ್ದ ಪಾಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಗಾಳಿ ತಾಗದಂತೆ ಎದೆಗೆ ಮರೆಮಾಡಿಕೊಂಡು ಇಳಿದು ಬಂದೆ. ಬೀಜ ಇಲ್ಲಿದೆ ಎಂದು ಅಯ್ಯನವರ ಮುಂದೆ ಹಿಡಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, ಛಲೋ ಐತಲ್ಲ ಇದು ಎಂದು ಮೆಚ್ಚಿಕೊಂಡೇ ಪಾಟಿಯನ್ನು ಕಾಕಾನ ಕೈಗೆ ಕೊಟ್ಟು, ಓದಿದವನು ನೀನು, ಇದೇನೆಂದು ಹೇಳಪ್ಪ ಎಂದರು.

ಕಾಕಾ ಪಾಟಿ ನೋಡಿದ. ಕಿಸೆಯಲ್ಲಿ ಭೂತಗನ್ನಡಿ ಉಬ್ಬಿಕೊಂಡು ಕಾಣುತ್ತಿತ್ತು. ನನ್ನ ಕಡೆ ನೋಡಲಿಲ್ಲ.

“ಬಳಪದ ಪುಡಿರಿ, ಅಯ್ನಾರ. ಹುಡುಗಿ ಏನೋ ಗೀಚ್ಯಾಳ.”

ಹಾಗೆನ್ನುತ್ತ ಹೆಬ್ಬೆರಳಿನಿಂದ ಪಾಟಿಯನ್ನು ಒರೆಸಿದ. ಅಂಚಿನಿಂದ ಅಂಚಿಗೆ, ನಿಧಾನವಾಗಿ, ಸಾಲೆಯ ಮಾಸ್ತರರು ತಪ್ಪು ಲೆಕ್ಕ ಒರೆಸುವಂತೆ. ಹಾಗಾದರೆ ಇದಕ್ಕೆ ಬೀಜವಿಲ್ಲವೇ ಎಂದು ಅಯ್ಯನವರು ಇನ್ನೊಮ್ಮೆ ಕೇಳಿದರು.

“ಇಲ್ಲರಿ. ಖಂಡ ಅಂದ್ರ ಖಂಡಾನ. ನಾ ಅದನ್ನ ಕಣ್ಣಿಲೆ ಸೈತ ಕಂಡಿಲ್ಲ.”

ಅವ್ವ ಹೇಳಿದ್ದು ಮರೆತೆ. ಕಾಕಾನೇ ತಂದದ್ದು, ಕಾಕಾನೇ ತಿಂದದ್ದು, ಹಂಚು ಬಳಿದು ತಿಂದ ಎಂದು ಒದರಿದೆ. ಆದರೆ ಅಷ್ಟರಲ್ಲಿ ನಾನು ಬಳಪದಿಂದ ಗೀಚಿ ಬೀಜವೆಂದು ಹೇಳಿದ ಹುಡುಗಿಯಾಗಿದ್ದೆ. ನನ್ನ ಮಾತು ಯಾರಿಗೆ ಬೇಕಿತ್ತು? ಅಲ್ಲಿಯವರೆಗೆ ಮಾಳಿಗೆಯ ತೊಲೆ ನೋಡುತ್ತ ಕೂತಿದ್ದ ಅಪ್ಪ ಎದ್ದು ಬಂದು ಕಪಾಳಕ್ಕೆ ಹೊಡೆದ. ತಮ್ಮನ ಸಂಬಂಧ ಕೆಡಬಾರದೆಂದು ಹೊಡೆದನೋ, ನಿಜವಾಗಿಯೂ ನಾನು ಸುಳ್ಳು ಹೇಳಿದೆನೆಂದು ಹೊಡೆದನೋ, ಸಾಯುವವರೆಗೂ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಾಗಿಲ ಮರೆಯಲ್ಲಿದ್ದ ಅವ್ವ ಸೆರಗು ಹೊದ್ದುಕೊಂಡು ಹಿತ್ತಲ ಕಡೆ ನಡೆದುಬಿಟ್ಟಳು.

ಅವತ್ತಿನಿಂದ ಒಳಗಿನ ಒಲೆ ಅವಳಿಗೆ ಇಲ್ಲವಾಯಿತು. ಶುದ್ಧಿ ಮಾಡಿಸಿಕೊಂಡರೆ ಸಾಕೆಂದು ಅಯ್ಯನವರು ಹೇಳಿದ್ದರು, ಆಯಿ ಒಪ್ಪಲಿಲ್ಲ. ಅವ್ವ ಮತ್ತೆ ಕೊಟ್ಟಿಗೆಯ ಗೋಡೆಗೆ ಬೆನ್ನುಹಾಕಿ ಆಳುಗಳ ರೊಟ್ಟಿಗೆ ಕೂತಳು. ಅವಳು ಮುಟ್ಟಿದ ಕೊಡ ದೇವರ ಮನೆಗೆ ಬರುವಂತಿರಲಿಲ್ಲ. ಕಾಕಾನ ಮದುವೆ ದೀಪಾವಳಿ ಕಳೆದ ಮೇಲೆ ಕುಷ್ಟಗಿಯಲ್ಲಿ ನಡೆಯಿತು. ಕಾಕಿ ಬಂದವಳೇ ಸೀದಾ ಒಳಗಿನ ಒಲೆಯ ಮುಂದೆ ಕೂತಳು. ಅವ್ವನ ಮಣೆ ಅವಳಿಗೆ ಹೋಯಿತು. ಪಾಪ, ಅವಳ ತಪ್ಪೇನೂ ಇರಲಿಲ್ಲ. ತಾನು ಕೂತದ್ದು ಯಾರ ಮಣೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ನಾನು ಮಾತ್ರ ಅವಳು ಬಡಿಸಿದ್ದನ್ನು ಉಣ್ಣಲಿಲ್ಲ. ಹಟ ಮಾಡಿ ಹೊರಗೆ ಅವ್ವನ ಜೊತೆ ಆಳುಗಳ ನುಚ್ಚು ಉಂಡೆ.

ಕಾಕಾ ನನ್ನನ್ನು ಒಲಿಸಿಕೊಳ್ಳಲು ನೋಡಿದ. ಕುಕನೂರಿನ ಸಂತೆಯಿಂದ ಚೌಕಟ್ಟಿಗೆ ಕೆಂಪು ಬಣ್ಣ ಬಳಿದ ಹೊಸ ಪಾಟಿ ತಂದ. ನಾನದನ್ನು ಮುಟ್ಟಲಿಲ್ಲ. ಅವನು ಹೆದರಿದ ಎಂಬುದು ನನಗೆ ಈಗ ಅರ್ಥವಾಗುತ್ತದೆ. ಹೆದರಿದವನು ಸುಮ್ಮನಿದ್ದರೂ ಕ್ಷಮಿಸುತ್ತಿದ್ದೆ. ಒರೆಸಬೇಕಾಗಿರಲಿಲ್ಲ. ಅಣಬೆ ಗಿಡದ ಜಾತಿಯೂ ಅಲ್ಲ, ಪ್ರಾಣಿಯ ಜಾತಿಯೂ ಅಲ್ಲ, ಅದರದೇ ಬೇರೆ ಕುಲ ಎಂದು ಮುಂದೆ ನಾನೇ ಓದಿ, ನಾನೇ ಹುಡುಗಿಯರಿಗೆ ಪಾಠ ಹೇಳಿದೆ. ಹಾಗಿದ್ದರೆ ಆಯಿಯ ಲೆಕ್ಕವೂ ತಪ್ಪು, ಅಯ್ಯನವರ ಪ್ರಶ್ನೆಯೂ ತಪ್ಪು. ಆದರೆ ಅವರು ತಿಳಿಯದೆ ತಪ್ಪಿದವರು. ತಿಳಿದವನು ಆ ಪಡಸಾಲೆಯಲ್ಲಿ ಒಬ್ಬನೇ ಇದ್ದ.

ಮರುವರ್ಷ ಮಗಿ ಮಳೆ ಬಂತು. ಕಾಕಾ ಓದಿಗೆ ತಿರುಗಿ ಹೋಗದೆ ಅಪ್ಪನ ಜೊತೆ ಶೇಂಗಾ ವ್ಯಾಪಾರಕ್ಕೆ ನಿಂತಿದ್ದ. ಒಂದು ಮಧ್ಯಾಹ್ನ ಆಯಿ ಮಲಗಿದ್ದ ಹೊತ್ತು ನೋಡಿ, ಗಾಯರಾಣದಿಂದ ಬಂದವನು ಹೊರಗಿನ ಒಲೆಯ ಕಟ್ಟೆಯ ಮೇಲೆ ಕೂತು ವಸ್ತ್ರದ ಗಂಟು ಬಿಚ್ಚಿದ. ಅದೇ ಗುಲಾಬಿ ಅಣಬೆ. ಒಂದಿಷ್ಟು ಹುರಿದು ಕೊಡಿರೆಂದು ಮೊದಲಿನ ಸಲಿಗೆಯಲ್ಲೇ ಕೇಳಿದ. ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. ಅದೆಲ್ಲ ಆಗಿಹೋದ ಮಾತು, ನಿಜ ಏನೆಂದು ನಿಮಗೂ ಗೊತ್ತು ನನಗೂ ಗೊತ್ತು ಎಂದು ಕಾಕಾ ನಕ್ಕ. ಆಗ ಅವ್ವ ತಲೆಯೆತ್ತಿದಳು.

“ನನಗೇನ ಗೊತ್ತರಿ? ಓದಿದವರು ನೀವು. ನೀವ ಖಂಡ ಅಂದೀರಿ. ಖಂಡ ನಾ ಬೇಯಿಸೂದಿಲ್ಲ.”

ಕಾಕಾನ ಮುಖ ಕಪ್ಪಿಟ್ಟಿತು. ಒಳಗಿನಿಂದ ಕಾಕಿ ಊಟಕ್ಕೆ ಕರೆದಳು. ಅವನು ಗಂಟನ್ನು ಅಲ್ಲೇ ಬಿಟ್ಟು, ಕೈಕಾಲು ತೊಳೆದುಕೊಂಡು ಒಳಗೆ ಹೋದ. ತಾಟು ಇಟ್ಟ ಸಪ್ಪಳ ನಮಗೆ ಕೇಳಿಸಿತು. ಅವ್ವ ಕೊನೆಯ ರೊಟ್ಟಿ ತೆಗೆದು, ಹಿಟ್ಟಿನ ಕೈ ಒರೆಸಿಕೊಂಡು, ಗಂಟಿನಿಂದ ಒಂದು ಅಣಬೆ ಆರಿಸಿ ತಿರುವಿ ನೋಡಿದಳು. ಪಾಟಿ ತರಲು ನನಗೆ ಹೇಳಿದಳು. ನನ್ನ ಹಳೆಯ ಪಾಟಿಯನ್ನೇ ತಂದೆ. ಅವಳೇ ಅದನ್ನು ತೊಳೆದಳು, ಅಣಬೆಯ ತಲೆಯನ್ನು ಬೋರಲು ಹಾಕಿ ಬಟ್ಟಲು ಮುಚ್ಚಿದಳು.

ಬೆಳಿಗ್ಗೆ ಕೊಟ್ಟಿಗೆಯಲ್ಲಿ ಇಬ್ಬರೂ ಬಗ್ಗಿ ನೋಡಿದೆವು. ಕಪ್ಪು ಕಲ್ಲಿನ ಮೇಲೆ ಬೆಳ್ಳನೆಯ ಚಕ್ರ. ನಾನು ಅವ್ವನ ಮುಖ ನೋಡಿದೆ, ನಗುತ್ತಾಳೆ ಎಂದುಕೊಂಡು. ಅವಳು ಬೆರಳು ಮುಂದೆ ತಂದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

“ಖರೇನ ಐತಲ್ಲ ಗೌರಿ,” ಎಂದಳು. “ನೀ ಗೀಚಿದ್ದಲ್ಲ.”

ಒಂದು ವರ್ಷ ಅವಳ ಮಗ್ಗುಲಲ್ಲಿ ಮಲಗಿ, ಅವಳ ತಾಟಿನಲ್ಲಿ ಉಂಡಿದ್ದೆ. ಅಷ್ಟು ದಿನವೂ ಅವ್ವ ನನ್ನನ್ನು ಪೂರ್ತಿ ನಂಬಿರಲಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು.